ಎಸೆದ ಬಟ್ಟೆ ಮತ್ತು ಚೀವರ

☸️ *ಇಂದಿನ ಧಮ್ಮ ಚಿಂತನೆ* ☸️



ಹಳೆಯ ಬಟ್ಟೆ ಎಂದ ಕೂಡಲೇ ನಮ್ಮ ಹಿರಿಯರ ಎದೆಯಲ್ಲಿ ಮುಳ್ಳು ಆಡುತ್ತದೆ. ಚಂಡಾಲರು ಸತ್ತವರ ಬಟ್ಟೆಯನ್ನೇ ಉಡಬೇಕು ಎಂದು ಮನುಸ್ಮೃತಿಯ ಹತ್ತನೆಯ ಅಧ್ಯಾಯ ವಿಧಿಸಿತ್ತು. ಆ ಗ್ರಂಥವನ್ನು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಸುಡಲಾಯಿತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಧಮ್ಮದೀಕ್ಷೆ ಪಡೆಯಲು ಲಕ್ಷಾಂತರ ಜನ ಸೇರಿದಾಗ ಮೈದಾನದ ತುಂಬ ಬಿಳಿ ಬಟ್ಟೆ. ಶುಭ್ರ ಬಟ್ಟೆ ನಮಗೆ ಶೋಕಿಯಲ್ಲ, ಗೆದ್ದುಕೊಂಡ ಘನತೆ. ಆದ್ದರಿಂದ "ಹಳೆಯದನ್ನೇ ಉಡಿ, ಸರಳವಾಗಿರಿ" ಎಂದು ನಮಗೆ ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ.

ಹಾಗಿದ್ದರೂ ನಮ್ಮ ಸಂಘದ ಮೊದಲ ಉಡುಪು ಎಸೆದ ಬಟ್ಟೆಯೇ. ಅದನ್ನು ಪಾಂಸುಕೂಲ ಎನ್ನುತ್ತಾರೆ. ಕಸದ ಗುಡ್ಡೆಯಲ್ಲಿ, ಸ್ಮಶಾನದಲ್ಲಿ ಬಿದ್ದ ತುಂಡುಗಳನ್ನು ಆಯ್ದು, ಒಗೆದು, ಹೊಲಿದು, ಬಣ್ಣ ಹಾಕಿ ಭಿಕ್ಖುಗಳು ಧರಿಸುತ್ತಿದ್ದರು. ಮುಂದೆ ಮಗಧದ ಗದ್ದೆಬದುಗಳನ್ನು ತೋರಿಸಿ, ಅದೇ ಮಾದರಿಯಲ್ಲಿ ಚೀವರ ಹೊಲಿಯಲು ಭಗವಾನರು ಆನಂದರಿಗೆ ಹೇಳಿದರು. ಇವತ್ತಿಗೂ ಚೀವರದ ಮೇಲೆ ಆ ಗದ್ದೆಗಳ ಗೆರೆ ಇದೆ.

ಮನು ಹೇಳಿದ್ದೂ ಸತ್ತವರ ಬಟ್ಟೆ, ಭಿಕ್ಖು ಉಟ್ಟದ್ದೂ ಸ್ಮಶಾನದ ಬಟ್ಟೆ. ಹಾಗಾದರೆ ವ್ಯತ್ಯಾಸವೇನು? ಒಂದನ್ನು ಹುಟ್ಟಿನ ಕಾರಣಕ್ಕೆ ಹೇರಲಾಯಿತು, ಇನ್ನೊಂದನ್ನು ತಿಳಿದು ಆರಿಸಿಕೊಳ್ಳಲಾಯಿತು. ವೈದ್ಯ ಜೀವಕ ಒಳ್ಳೆಯ ಬಟ್ಟೆ ತಂದು ಅರ್ಪಿಸಿದಾಗ ಭಗವಾನರು ಅದನ್ನು ಸ್ವೀಕರಿಸಿ, ಬೇಕಾದವರು ಪಾಂಸುಕೂಲ ಧರಿಸಲಿ, ಬೇಕಾದವರು ಗೃಹಸ್ಥರು ಕೊಟ್ಟ ಚೀವರ ಧರಿಸಲಿ ಎಂದು ಎರಡಕ್ಕೂ ಅವಕಾಶ ಕೊಟ್ಟರು. ಮೇಲಾಗಿ ಕ್ಷೌರಿಕ ಉಪಾಲಿಗೂ, ಬೀದಿ ಗುಡಿಸುತ್ತಿದ್ದ ಸುನೀತನಿಗೂ, ಶಾಕ್ಯ ರಾಜಕುಮಾರರಿಗೂ ಅಲ್ಲಿ ಒಂದೇ ಬಗೆಯ ಚೀವರ.

🔹 *ಆನಂದರ ಉತ್ತರ*

ವಿನಯಪಿಟಕದಲ್ಲಿ ಒಂದು ಪ್ರಸಂಗವಿದೆ. ಕೋಸಂಬಿಯಲ್ಲಿ ಉದೇನ ರಾಜನ ರಾಣಿಯರು ಆನಂದರಿಗೆ ಐನೂರು ಚೀವರ ದಾನ ಮಾಡಿದರು. ರಾಜನಿಗೆ ಸಿಟ್ಟು ಬಂತು. ಈ ಭಿಕ್ಖು ಬಟ್ಟೆ ಅಂಗಡಿ ಇಡುತ್ತಾನೇನು ಎಂದುಕೊಂಡು ವಿಚಾರಿಸಲು ಬಂದ. ಚೀವರ ಜೀರ್ಣವಾದ ಭಿಕ್ಖುಗಳಿಗೆ ಹಂಚುತ್ತೇವೆ ಎಂದರು ಆನಂದರು. ಅವರ ಹಳೆಯ ಚೀವರ ಏನಾಗುತ್ತದೆ? ಮೇಲುಹಾಸು ಆಗುತ್ತದೆ. ಹಳೆಯ ಮೇಲುಹಾಸು? ಹಾಸಿಗೆಯ ಗವಸು. ಅದು ಸವೆದರೆ? ನೆಲಹಾಸು. ಆಮೇಲೆ ಕಾಲೊರಸು, ಆಮೇಲೆ ಧೂಳು ಒರೆಸುವ ಬಟ್ಟೆ. ಅದೂ ಹರಿದರೆ? ಚೂರು ಮಾಡಿ, ಮಣ್ಣಿನಲ್ಲಿ ಕಲಸಿ ನೆಲಕ್ಕೆ ಮೆತ್ತುತ್ತೇವೆ. ರಾಜನ ಸಿಟ್ಟು ಇಳಿಯಿತು. ಇನ್ನೂ ಐನೂರು ಬಟ್ಟೆ ಕೊಟ್ಟ.

ಇದನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ಹುಡುಗಿ, "ನಮ್ಮಜ್ಜಿ ಕೌದಿ ಹೊಲಿಯೋದೂ ಹಿಂಗೇ ಅಲ್ಲೇನ್ರಿ ಸರ್" ಎಂದಳು. ಹೌದು, ಹಾಗೆಯೇ.

🔹 *ಸ್ವೀಡನ್ನಿನ ಒಂದು ಕಂಪನಿ*

ಈಗಿನ ಬಟ್ಟೆಗೆ ಅಜ್ಜಿಯ ಸೂಜಿ ಸಾಲದು. ಹತ್ತಿಯೊಳಗೆ ಪಾಲಿಯೆಸ್ಟರ್ ಬೆರೆತಿರುತ್ತದೆ, ಬಿಡಿಸುವುದು ಕಷ್ಟ. ಯಂತ್ರದಲ್ಲಿ ಚಿಂದಿ ಮಾಡಿದರೆ ಎಳೆ ಗಿಡ್ಡವಾಗಿ ಬಲ ಕಳೆದುಕೊಳ್ಳುತ್ತದೆ. ಇದಕ್ಕೆ ದಾರಿ ಹುಡುಕಲು 2012ರಲ್ಲಿ ಸ್ವೀಡನ್ನಿನಲ್ಲಿ ರಿನ್ಯೂಸೆಲ್ ಎಂಬ ಸ್ಟಾರ್ಟಪ್ ಹುಟ್ಟಿತು. ಹತ್ತಿಯ ಹಳೆ ಬಟ್ಟೆಗಳ ಗುಂಡಿ, ಜಿಪ್ ತೆಗೆದು, ಚೂರು ಮಾಡಿ, ಗಂಜಿಯಂತೆ ಕಲಸಿ, ಬಣ್ಣವನ್ನೂ ಪಾಲಿಯೆಸ್ಟರನ್ನೂ ಬೇರ್ಪಡಿಸಿ, ಉಳಿದ ಸೆಲ್ಯುಲೋಸನ್ನು ಹಾಳೆಯಾಗಿ ಒಣಗಿಸುವ ವಿಧಾನ ಅವರದು. ಆ ಹಾಳೆಯಿಂದ ಮತ್ತೆ ಹೊಸ ವಿಸ್ಕೋಸ್ ನೂಲು. ಮರ ಕಡಿಯಬೇಕಿಲ್ಲ. ಸುಂಡ್ಸ್‌ವಾಲ್ ಎಂಬ ಊರಿನ ಹಳೆ ಕಾಗದ ಕಾರ್ಖಾನೆಯ ಜಾಗದಲ್ಲಿ 2022ರಲ್ಲಿ ದೊಡ್ಡ ಘಟಕ ಶುರುವಾಯಿತು. ವರ್ಷಕ್ಕೆ 60,000 ಟನ್ ತಯಾರಿಸುವ ಸಾಮರ್ಥ್ಯ.

2024ರ ಫೆಬ್ರವರಿಯಲ್ಲಿ ಕಂಪನಿ ದಿವಾಳಿ ಎಂದು ಘೋಷಿಸಿಕೊಂಡಿತು. ಯಂತ್ರ ಕೆಲಸ ಮಾಡುತ್ತಿತ್ತು, ಹೊಗಳಿಕೆಯೂ ಬೇಕಾದಷ್ಟಿತ್ತು. ಸಾಕಷ್ಟು ಆರ್ಡರ್ ಮಾತ್ರ ಬರಲಿಲ್ಲ. "ಎಂಥ ಒಳ್ಳೆಯ ಕೆಲಸ" ಎಂದ ಬಟ್ಟೆ ಲೋಕ, ಕೊಳ್ಳುವಾಗ ಹಳೆಯ ದಾರಿಯನ್ನೇ ಹಿಡಿಯಿತು. ಅದೇ ವರ್ಷ ಹೊಸ ಒಡೆಯರು ಅದನ್ನು ಕೊಂಡು, ಸರ್ಕ್ಯುಲೋಸ್ ಎಂಬ ಹೆಸರಿನಲ್ಲಿ ಮತ್ತೆ ಪ್ರಯತ್ನಕ್ಕಿಳಿದರು.

ಬಂಧುಗಳೇ, ಈ ಕಥೆ ಓದಿದಾಗ ನನಗೆ ನಮ್ಮ ವಿಹಾರಗಳು ನೆನಪಾದವು. ಏಪ್ರಿಲ್ 14ಕ್ಕೆ ಹೂಮಾಲೆ, ಅಕ್ಟೋಬರ್ 14ಕ್ಕೆ ಘೋಷಣೆ. ಧಮ್ಮವನ್ನು ಹೊಗಳುವವರಿಗೆ ಕೊರತೆಯಿಲ್ಲ. ಆದರೆ ಮದುವೆಗೆ ಮುಹೂರ್ತ ಕೇಳುವಾಗ, ಸಾಲ ಮಾಡಿ ಜರಿಸೀರೆ ಕೊಳ್ಳುವಾಗ, ಮಗಳ ಓದಿಗಿಂತ ಮೆರವಣಿಗೆಯ ಡಿಜೆಗೆ ಹೆಚ್ಚು ಖರ್ಚು ಮಾಡುವಾಗ ಧಮ್ಮಕ್ಕೆ ನಮ್ಮ ಆರ್ಡರ್ ಹೋಗುವುದಿಲ್ಲ. ಹೊಗಳಿಕೆಯಿಂದ ಕಾರ್ಖಾನೆ ನಡೆಯಲಿಲ್ಲ, ಧಮ್ಮವೂ ನಡೆಯುವುದಿಲ್ಲ. ಅದಕ್ಕೆ ಆಚರಣೆ ಬೇಕು.

ಇನ್ನೊಂದು ಮಾತು. ಯುರೋಪ್, ಅಮೆರಿಕ ಎಸೆದ ಬಟ್ಟೆಯ ಒಂದು ಪಾಲು ನಮ್ಮ ಹರಿಯಾಣದ ಪಾಣಿಪತ್ತಿಗೆ ಬರುತ್ತದೆ. ಅಲ್ಲಿ ಹೆಂಗಸರು ನೆಲದಲ್ಲಿ ಕುಳಿತು ಗುಂಡಿ, ಜಿಪ್ ಕತ್ತರಿಸುತ್ತಾರೆ. ಬಟ್ಟೆ ಬಣ್ಣದ ಪ್ರಕಾರ ಬೇರ್ಪಟ್ಟು, ಚಿಂದಿಯಾಗಿ, ಕಂಬಳಿಯಾಗುತ್ತದೆ. ಎಳೆಯ ಧೂಳು ಕೆಲಸಗಾರರ ಎದೆಗೆ ಇಳಿಯುತ್ತದೆ. ನಮ್ಮ ಊರುಗಳಲ್ಲೂ ಚಿಂದಿ ಆಯುವ ಕೈಗಳು ಹೆಚ್ಚಾಗಿ ಯಾರವು ಎಂದು ನಿಮಗೆ ಹೇಳಬೇಕಿಲ್ಲ. ಭೂಮಿಗೆ ಒಳ್ಳೆಯದಾಗುವ ಉದ್ಯೋಗ ಆ ಕೈಗಳಿಗೂ ಕೂಲಿ, ಆರೋಗ್ಯ, ಗೌರವ ಕೊಟ್ಟಾಗ ಮಾತ್ರ ಅದನ್ನು ಸಮ್ಮಾ ಆಜೀವ ಎನ್ನಬಹುದು. ಕಸದ ಕೆಲಸವನ್ನು ಜಾತಿಗೆ ಕಟ್ಟಿಹಾಕಿ, ಯಂತ್ರಕ್ಕೆ ಮಾತ್ರ ಹೊಸ ಹೆಸರಿಟ್ಟರೆ ಮನುವಿನ ವಿಧಿ ಹಾಗೆಯೇ ಉಳಿಯುತ್ತದೆ.

🔹 *ಇಂದಿನ ಆಚರಣೆ*

▪️ ಹೊಸ ಬಟ್ಟೆ ಕೊಳ್ಳುವ ಮುನ್ನ ಕೇಳಿಕೊಳ್ಳೋಣ: ಇದು ಅಗತ್ಯವೋ, ತಣ್ಹೆಯೋ?

▪️ ಕೊಡುವುದಾದರೆ ಒಗೆದು, ಗುಂಡಿ ಹಾಕಿ, ಮಡಿಸಿ ಕೊಡೋಣ. ನಾವು ಉಡಲು ನಾಚುವಂಥದ್ದನ್ನು ದಾನ ಎನ್ನಬಾರದು.

▪️ ನಿಮ್ಮ ಓಣಿಯಲ್ಲಿ ಚಿಂದಿ ಆಯುವವರ ಹೆಸರು ಕೇಳಿ ತಿಳಿದುಕೊಳ್ಳಿ. ಅವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರಾ ವಿಚಾರಿಸಿ. ಇಲ್ಲದಿದ್ದರೆ ಈ ಗುಂಪಿನಲ್ಲಿ ತಿಳಿಸಿ, ದಾಖಲಾತಿಗೆ ನಾವೆಲ್ಲ ಸೇರಿ ಓಡಾಡೋಣ.

ಎಲ್ಲರಿಗೂ ಮಂಗಳವಾಗಲಿ.
ಸಾಧು! ಸಾಧು! ಸಾಧು! 🙏

ನಮೋ ಬುದ್ಧಾಯ 💙 ಜೈ ಭೀಮ್