ಸದ್ದಿನ ಋಣ

ಮೈಲಾರದ ಗೊರವಯ್ಯನವರು ಒಂದೇ ಒಂದು ಮಾತು ನುಡಿಯಲು 11 ದಿನ ಉಪವಾಸ ಇರುತ್ತಾರೆ. ನನ್ನ ಕಾರಿನ ಹಾರ್ನಿಗೆ ಹೆಬ್ಬೆರಳು ತುಸು ಒತ್ತಿದರೆ ಮುಗಿಯಿತು. ಹೊಸ ಹಾರ್ನು ಹಾಕಿದಾಗಿನಿಂದ ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಚಾಳಿ ಹತ್ತಿದೆ.

ಹಾಕಿದ್ದು ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯಂಗಳದಲ್ಲೇ, ಅಕ್ಕನ ಮಗನ ಜೊತೆ. ಹಳೆಯದರ ದನಿ ಕೂಡ್ಲಿಗಿ ಹೆದ್ದಾರಿಯ ಲಾರಿಗಳಿಗೆ ಕೇಳುತ್ತಲೇ ಇರಲಿಲ್ಲ. ತಂದದ್ದು ಬಸವನಹುಳದ ಚಿಪ್ಪಿನ ಆಕಾರದ ಜೋಡಿ. ಒಂದರದು ದಪ್ಪ ದನಿ, ಇನ್ನೊಂದರದು ಕೀಚಲು. ಬ್ಯಾಟರಿಯ ಮೈನಸ್ ಬಿಚ್ಚಿ ಕೂತೆವು. ರಿಲೇ ಯಾಕೆ ಎಂದು ಕೇಳಿದ್ದಕ್ಕೆ ಹುಡುಗ, “ಎರಡೂ ಸೇರಿ ಹತ್ತು ಆಂಪಿಯರ್ ಎಳಿತಾವ ಮಾಮಾ, ಸ್ಟೇರಿಂಗಿನ ಸಣ್ಣ ವೈರು ತಡಿಯಂಗಿಲ್ಲ” ಎಂದ. ಬ್ಯಾಟರಿಯಿಂದ ಫ್ಯೂಸ್ ದಾಟಿ ಬಂದ ದಪ್ಪ ವೈರು ರಿಲೇಯ 30ಕ್ಕೆ, 87ರಿಂದ ಹಾರ್ನುಗಳಿಗೆ. ಹಳೆಯ ಹಾರ್ನಿನ ಎರಡು ವೈರು 85, 86ಕ್ಕೆ. ಮಳೆನೀರು ನಿಲ್ಲದಂತೆ ಬಾಯಿ ಕೆಳಮುಖ. (ಇಷ್ಟು ಅಬ್ಬರಿಸುವುದಕ್ಕೆ ತಲೆ ತಗ್ಗಿಸಿಯೇ ಇರಬೇಕಂತೆ.)

ಬೆರಳಿನ ಪಾಲಿಗೆ ಬರುವುದು ರಿಲೇಯನ್ನು ಎಬ್ಬಿಸುವಷ್ಟು ಕರೆಂಟು ಮಾತ್ರ, ಅಬ್ಬರವೆಲ್ಲ ಬೇರೆ ದಾರಿ ಹಿಡಿಯುತ್ತದೆ. ನನ್ನ ತಕರಾರು ಇಲ್ಲಿಯೇ. ಗಂಟಲಿನಿಂದ ಕೂಗಿದವನು ದಣಿಯುತ್ತಾನೆ, ಹಾಗಾಗಿ ಅವನ ಕೂಗಿಗೊಂದು ಅಳತೆ ಇರುತ್ತದೆ. ಹಾರ್ನಿಗೆ ಗಾಬರಿ, ಸಿಟ್ಟು, ಬೇಸರ ಎಲ್ಲಕ್ಕೂ ಒಂದೇ ದನಿ, ಖರ್ಚೆಲ್ಲ ಕೇಳಿಸಿಕೊಂಡವನ ತಲೆಗೆ. ಕಾಯಕವಿಲ್ಲದೆ ಉಣ್ಣಬಾರದೆಂದ ಶರಣರ ನಾಡಿದು. ಮೈ ದಣಿಸದೆ ಎಬ್ಬಿಸಿದ ಸದ್ದಿಗೂ ಆ ಲೆಕ್ಕ ಸಲ್ಲಬೇಡವೇ?

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ, ಡೆಂಕನಮರಡಿ ತುಂಬ ಲಕ್ಷಗಟ್ಟಲೆ ಜನ. ಗೊರವಯ್ಯನವರು ಬಿಲ್ಲನ್ನೇರಿ “ಸದ್ದಲೇ” ಎಂದರೆ ಅಷ್ಟೂ ಗದ್ದಲ ಅಡಗುತ್ತದೆ. ಒಂದೇ ಸಾಲಿನ ಕಾರ್ಣಿಕ ನುಡಿದು ಮೇಲಿನಿಂದ ಬೀಳುತ್ತಾರೆ, ಕೆಳಗಿದ್ದವರು ಹಿಡಿಯುತ್ತಾರೆ. ಆ ಸಾಲಿಗೆ ಮಳೆಯ, ಬೆಳೆಯ, ರಾಜಕೀಯದ ಅರ್ಥ ಹಚ್ಚುತ್ತ ಜನ ವರ್ಷವಿಡೀ ಜಗಳಾಡುತ್ತಾರೆ. ಅರ್ಥ ಏನೇ ಇರಲಿ, ಆ ಮಾತಿನ ಬೆಲೆಯನ್ನು ಆಡಿದವರೇ ಹೊಟ್ಟೆಯಿಂದ, ಮೈಯಿಂದ ಮೊದಲೇ ತೆತ್ತಿರುತ್ತಾರೆ. ನನಗೆ ಅದು ಭವಿಷ್ಯವಾಣಿಗಿಂತ ದೊಡ್ಡದು.

ಸರ್ಕಾರವೂ ಒಂದು ಬೆಲೆ ಕಟ್ಟಿದೆ. 1989ರ ಮೋಟಾರು ವಾಹನ ನಿಯಮಗಳ 119ನೆಯದು ಸ್ವರ ಬದಲಿಸುತ್ತ ಹಾಡುವ ಹಾರ್ನನ್ನೂ ಕರ್ಕಶ ಸದ್ದನ್ನೂ ಒಪ್ಪುವುದಿಲ್ಲ. 2019ರಲ್ಲಿ ಸೇರಿದ 194ಎಫ್ ಪ್ರಕಾರ ಸುಮ್ಮನೆ ಹಾರ್ನು ಬಾರಿಸಿದರೆ ಮೊದಲ ಸಲ 1000 ರೂಪಾಯಿ ದಂಡ. ಅದೂ ಸಿಕ್ಕಿಬಿದ್ದರೆ.

ಹಾಗೆಂದು ಹಾರ್ನು ಪಾಪವೆನ್ನಲಾರೆ. ರಾತ್ರಿ ಹೆದ್ದಾರಿಗೆ ಕುರಿಹಿಂಡು ನುಗ್ಗಿದಾಗ, ಮೊದಲು ಉಪವಾಸ ಮಾಡಿ ಆಮೇಲೆ ಒತ್ತಪ್ಪಾ ಎನ್ನುವುದು ಧರ್ಮವಲ್ಲ. ಬೆಲೆಯಿಲ್ಲದ ಸದ್ದೂ ಅಲ್ಲಿ ಕರುಣೆಯೇ.

ಕೊಟ್ಟೂರಿನ ದಾರಿಯ ಮಾತು ಬೇರೆ. ತೇರಿನ ಹೊತ್ತಿಗೆ ದಾವಣಗೆರೆ ಕಡೆಯಿಂದ, ಹರಪನಹಳ್ಳಿ ಸೀಮೆಯಿಂದ ಜನ ನಡೆದೇ ಬರುತ್ತಾರೆ. ಅವರು ಹೊರಟಿದ್ದೂ ಕೊಟ್ಟೂರೇಶ್ವರನಲ್ಲಿಗೆ, ನಾನು ಹೊರಟಿದ್ದೂ ಅಲ್ಲಿಗೇ; ಅವರು ಅಂಗಾಲಿನಿಂದ ತೆರುತ್ತಿದ್ದಾರೆ, ನಾನು ಪೆಟ್ರೋಲಿನಿಂದ. ಅವರ ಬೆನ್ನಿಗೆ ಹಾರ್ನು ಹೊಡೆಯಲು ನನಗೆ ಯಾವ ಹಕ್ಕೂ ಕಾಣುವುದಿಲ್ಲ. ಗಾಜು ಇಳಿಸಿ, “ಯಪ್ಪಾ, ಒಂಚೂರು ದಾರಿ ಬಿಡ್ರಿ” ಎಂದು ಕೂಗುತ್ತೇನೆ. ಧೂಳು ಒಳಗೆ ಬರುತ್ತದೆ, ಗಂಟಲು ಕಟ್ಟುತ್ತದೆ.

“ಹಂಗಾರ ಆ ಹಾರ್ನಿಗೆ ರೊಕ್ಕ ಯಾಕ ಸುರಿದ್ರಿ ಮಾಮಾ?” ಎಂದ ಅಕ್ಕನ ಮಗ.

ಲಾರಿಯವನಿಗೆ ಗಾಜು ಇಳಿಸಿ ಕೂಗಿದರೆ ಕೇಳಿಸತೈತೇನಲೇ ಎಂದೆ.