ಕಿರಿಯರ ಮುಂದೆ ಕುಳಿತಾಗ

ದಕ್ಷಿಣಾಮೂರ್ತಿಯ ಚಿತ್ರದಲ್ಲಿ ಆಲದ ಮರದಡಿ ಕುಳಿತ ಗುರು ತರುಣ. ಶಿಷ್ಯರೋ ನರೆತ ಗಡ್ಡದವರು. ಗೋಡೆಯ ಮೇಲಿದ್ದರೆ ಕೈಮುಗಿಯುತ್ತೇವೆ. ಅದೇ ದೃಶ್ಯ ಕಚೇರಿಯಲ್ಲಿ ಕಂಡರೆ ಕಸಿವಿಸಿಪಡುತ್ತೇವೆ.

ಕಚೇರಿಗೆ ಅದನ್ನು ಅಪ್ಪಣೆಯಿಂದಲೇ ತರಹೊರಟ ಯಜಮಾನರೊಬ್ಬರಿದ್ದರು. 1999ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥ ಜ್ಯಾಕ್ ವೆಲ್ಚ್ ತಮ್ಮ ಸುಮಾರು 500 ಮಂದಿ ಹಿರಿಯ ಅಧಿಕಾರಿಗಳಿಗೆ, ಕಿರಿಯ ನೌಕರರನ್ನು ಹುಡುಕಿಕೊಂಡು ಅವರಿಂದ ಅಂತರ್ಜಾಲವನ್ನು ಕಲಿಯಿರಿ ಎಂದರು. ಅರವತ್ತು ದಾಟಿದ್ದ ತಾವೂ ಪಾಠಕ್ಕೆ ಕುಳಿತರು. ಮೆಚ್ಚತಕ್ಕ ಮಾತೇ.

ಆದರೆ ಕೀಲಿಮಣೆ ಒತ್ತುವುದನ್ನು ಅಪ್ಪಣೆಯಿಂದ ಕಲಿಯಬಹುದು. "ಸಾರ್, ನಿಮ್ಮ ಯೋಜನೆ ನಡೆಯುವುದಿಲ್ಲ" ಎಂಬ ಮಾತು ಅಪ್ಪಣೆಗೆ ಹೊರಡುವಂಥದಲ್ಲ. ಅದು ಹೊರಡುವುದು ಕಾಫಿ ಆರುತ್ತಿರುವಾಗ, ಹಿರಿಯನು ತನ್ನ ಹಿರಿತನವನ್ನು ಒಂದು ಗಳಿಗೆ ಮರೆತಾಗ. ಕಿರಿಯನು ಮರೆತಾನೆಯೇ? ಬಡ್ತಿಯ ಪಟ್ಟಿಗೆ ರುಜು ಹಾಕುವ ಕೈಯೇ ಎದುರಿಗೆ ಲೋಟ ಹಿಡಿದಿದೆ! ಆ ಸಲುಗೆ ಹಿರಿಯನು ಕೊಟ್ಟದ್ದು. ನಾಳೆ ಹಿಂತೆಗೆದುಕೊಂಡರೆ ಕೇಳುವವರಿಲ್ಲ. ಅಷ್ಟನ್ನೂ ಬಲ್ಲ ಹುಡುಗ ಬಾಯಿಬಿಟ್ಟನೆಂದರೆ, ತನ್ನ ಅನ್ನವನ್ನೇ ಒತ್ತೆಯಿಟ್ಟು ಆಡಿದ ಮಾತು ಅದು.

ಮಧ್ಯಾಹ್ನದ ಸಭೆಯಲ್ಲಿ ಯಜಮಾನರು ಆ ಮಾತನ್ನು ತಮ್ಮದೆಂಬಂತೆ ಆಡಿದರೆ? ಹಣ ತೆಗೆದರೆ ಕಳವೆನ್ನುತ್ತೇವೆ. ಇದನ್ನು ಅನುಭವವೆನ್ನುತ್ತೇವೆ.

ಯಜಮಾನರನ್ನು ಹಳಿಯಲು ನನಗೇನೂ ಹಕ್ಕಿಲ್ಲ. ಪಂಪನ ಕರ್ಣನನ್ನು ಕುರಿತು ವಿದ್ಯಾರ್ಥಿನಿಯೊಬ್ಬಳು ಕಾಲೇಜಿನ ಮೆಟ್ಟಿಲ ಬಳಿ, ಅಂಜುತ್ತಲೇ, ನನ್ನ ಪಾಠವನ್ನು ತಿದ್ದಿದ್ದಳು. ಮರುವರ್ಷ ತರಗತಿಯಲ್ಲಿ ಅದನ್ನೇ ಹೇಳಿದೆ. ಹುಡುಗರು ತಲೆದೂಗಿದರು. ಅವಳ ಹೆಸರು ನಾಲಗೆಯ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು.