ಅರಿವಿನ ಋಣ

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯು ಬಂಡೀಪುರದ ಕಾಡನ್ನು ಹಾದು, ಮೂಲೆಹೊಳೆಯನ್ನು ದಾಟಿದ ಮೇಲೆ ಕೇರಳದ ಪೊನ್ಕುಳಿ ಬರುತ್ತದೆ. ರಸ್ತೆಯ ಬದಿಯಲ್ಲಿ ಶ್ರೀರಾಮನ ಗುಡಿ. ಸಮೀಪದಲ್ಲಿ, ಸೀತೆಯ ಕಣ್ಣೀರಿನಿಂದ ಉಂಟಾಯಿತೆಂದು ಜನ ನಂಬುವ ಕೊಳ. ಇಲ್ಲಿಯ ರಾಜ್ಯದ ಗಡಿ ಆನೆಗಳಿಗೆ ತಿಳಿಯದು. ಈ ಸೀಮೆಯ ಕಾಡಿನಲ್ಲಿ ಬಾಳುವ ಕಾಟ್ಟುನಾಯಕರ ನುಡಿಯೂ ಕನ್ನಡಕ್ಕೆ ತೀರ ಹತ್ತಿರದ್ದು. ಜೇನಿನ ಕಾಲ, ಬಿದಿರಿನ ಹದ, ಆನೆಯ ದಾರಿ ಇವೆಲ್ಲವನ್ನೂ ಅವರು ಬಲ್ಲರು. ಆದರೆ ಅದೇ ಕಾಡಿನ ಬಗ್ಗೆ ವಿಜ್ಞಾನವು ಬರೆದುದರಲ್ಲಿ ಅವರ ನುಡಿಗೆ ಬಂದುದು ಎಷ್ಟು?

ಬಂಡೀಪುರ, ನಾಗರಹೊಳೆ, ವಯನಾಡು, ಮುದುಮಲೆಗಳನ್ನು ಒಳಗೊಂಡ ನೀಲಗಿರಿ ಜೀವಗೋಳ ಮೀಸಲು ಪ್ರದೇಶವು 1986ರಲ್ಲಿ ಘೋಷಿತವಾಯಿತು. ದೇಶದಲ್ಲಿ ಅದೇ ಮೊದಲನೆಯದು. ಅದರ ರೂಪುರೇಷೆಯ ಹಿಂದೆ ದುಡಿದವರಲ್ಲಿ ಪ್ರಮುಖರು ಮಾಧವ ಗಾಡ್ಗೀಳರು. 1942ರಲ್ಲಿ ಪುಣೆಯಲ್ಲಿ ಹುಟ್ಟಿದ ಅವರು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ತಾಯ್ನಾಡಿಗೆ ಮರಳಿದರು. 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ ಮೂರು ದಶಕ ಅಲ್ಲಿಯೇ ದುಡಿದರು. 1983ರಲ್ಲಿ ಪರಿಸರ ವಿಜ್ಞಾನ ಕೇಂದ್ರವನ್ನು ಕಟ್ಟಿದರು. 2024ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಅವರಿಗೆ ಜೀವಮಾನ ಸಾಧನೆಯ ಗೌರವವನ್ನು ಸಲ್ಲಿಸಿತು.

ಇಂಥ ಕೀರ್ತಿಯ ಬುಡದಲ್ಲಿ ಒಂದು ಬಿದಿರಿನ ಮೆಳೆ ಇದೆ. 1970ರ ದಶಕದಲ್ಲಿ ಕರ್ನಾಟಕದ ಕಾಡುಗಳಲ್ಲಿ ಬಿದಿರು ಕ್ಷೀಣಿಸತೊಡಗಿತು. ಬುಟ್ಟಿ ಹೆಣೆಯುವ ಮೇದಾರರು ಕಾಗದದ ಕಾರ್ಖಾನೆಯತ್ತ ಬೆರಳು ತೋರಿದರು. ಕಾರಣ ಹುಡುಕಲು ಸರ್ಕಾರವು ಗಾಡ್ಗೀಳರನ್ನು ನೇಮಿಸಿತು. ಕಡಿಯಲು ಅನುಕೂಲವಾಗಲೆಂದು ಮೆಳೆಯ ಬುಡದ ಮುಳ್ಳನ್ನು ಸವರಿ ಹಾಕುವುದು ಅಂದಿನ ಶಾಸ್ತ್ರೀಯ ಪದ್ಧತಿ. ಮುಳ್ಳು ಹೋದರೆ ಎಳೆಯ ಕಳಲೆಗೆ ಕಾವಲಿಲ್ಲ, ದನಕರುಗಳು ಮೇಯುತ್ತವೆ ಎಂದು ಹಳ್ಳಿಗರು ಅವರಿಗೆ ಹೇಳಿದರು. ಅಧ್ಯಯನವು ಹಳ್ಳಿಗರ ಮಾತನ್ನೇ ದೃಢಪಡಿಸಿತು. ಅಂದರೆ ವಿಜ್ಞಾನಿಯ ಅರಿವಿನಲ್ಲಿ ಒಂದು ಪಾಲು ಸಾಲವಾಗಿ ಬಂದುದು. ಸಾಲ ತಂದವನು ತೀರಿಸಬೇಕಾದುದು ಯಾರಿಗೆ, ಹೇಗೆ?

2010ರಲ್ಲಿ ರಚಿತವಾದ ಪಶ್ಚಿಮ ಘಟ್ಟ ಪರಿಸರ ತಜ್ಞರ ಸಮಿತಿಗೆ ಗಾಡ್ಗೀಳರು ಅಧ್ಯಕ್ಷರಾದರು. 2011ರ ಆಗಸ್ಟಿನಲ್ಲಿ ಸಲ್ಲಿಸಿದ ವರದಿಯು ಘಟ್ಟಗಳನ್ನು ಸೂಕ್ಷ್ಮತೆಗೆ ಅನುಗುಣವಾಗಿ ಮೂರು ವಲಯಗಳಾಗಿ ವಿಂಗಡಿಸಿತು. ಆದರೆ ಕೊನೆಯ ಮಾತು ಗ್ರಾಮಸಭೆಗಳದ್ದಾಗಬೇಕು ಎಂದಿತು. ವರದಿ ಸಾರ್ವಜನಿಕರ ಕೈಸೇರಿದ್ದು 2012ರಲ್ಲಿ, ಅದೂ ಮಾಹಿತಿ ಹಕ್ಕಿನ ಹೋರಾಟದ ನಂತರ. ಅದು ಗ್ರಾಮಸಭೆಗಳ ಮುಂದೆ ಅವರವರ ನುಡಿಯಲ್ಲಿ ಬರುವ ಮೊದಲೇ ವದಂತಿ ಬಂದಿತ್ತು. ಭೂಮಿ ಹೋದೀತೆಂಬ ಭಯದಿಂದ ಬೆಟ್ಟದ ಜನ ಪ್ರತಿಭಟಿಸಿದರು.

ಇಲ್ಲಿಯೇ ನೈತಿಕ ಪ್ರಶ್ನೆ ಬಿಗಿಯಾಗುತ್ತದೆ. ಜನರೇ ನಿರ್ಧರಿಸಲಿ ಎಂದವನನ್ನು ಜನರೇ ನಿರಾಕರಿಸಿದರೆ ಅವನು ಏನು ಮಾಡಬೇಕು? ಬಲ್ಲವರು ಬಲವಂತವಾಗಿ ಜಾರಿಗೆ ತರಲಿ ಎನ್ನುವವರಿದ್ದಾರೆ. ಅವರ ಆತುರ ಅರ್ಥವಾಗುವಂಥದು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿದು ನೂರಾರು ಜೀವಗಳು ಹೋದವು. ಆ ಊರುಗಳಿರುವ ವೈತ್ತಿರಿ ತಾಲ್ಲೂಕನ್ನು ವರದಿಯು ಅತ್ಯಂತ ಸೂಕ್ಷ್ಮ ವಲಯದಲ್ಲಿ ಇರಿಸಿತ್ತು. ವರದಿ ಜಾರಿಯಾಗಿದ್ದರೆ ಅವರೆಲ್ಲ ಉಳಿಯುತ್ತಿದ್ದರೆಂದು ಹೇಳುವುದು ದುಡುಕಾದೀತು. ಅಂದು ಸುರಿದ ಮಳೆಯೂ ಅಸಾಧಾರಣವಾದುದು. ಆದರೂ ಬಲವಂತ ಪರಿಹಾರವಲ್ಲ. ಮುಳ್ಳು ಸವರಿಸಿದ್ದೂ ಬಲ್ಲವರ ಆಜ್ಞೆಯೇ ಅಲ್ಲವೆ?

ನಿರಾಕರಿಸುವ ಹಕ್ಕು ಜನರಿಗಿದೆ. ಆದರೆ ಓದದೆ ನಿರಾಕರಿಸಿದುದನ್ನು ನಿರ್ಧಾರವೆನ್ನಲಾಗದು, ಓದಲು ಕೊಡದವರಿಗೆ ಅವರನ್ನು ದೂಷಿಸುವ ಅಧಿಕಾರವೂ ಇಲ್ಲ. ತಿಳಿದುದನ್ನು ತಿಳಿಯುವ ನುಡಿಯಲ್ಲಿ, ತಡಮಾಡದೆ, ಎದುರು ಕುಳಿತು ಹೇಳುವುದು, ಎದುರುತ್ತರವನ್ನೂ ಕೇಳುವುದು: ವಿಜ್ಞಾನಿಯ ಋಣ ತೀರುವುದು ಹೀಗೆ.

ಈ ಋಣದಲ್ಲಿ ಸಂಘದ ಬಂಧುಗಳಾದ ನಮಗೂ ಪಾಲಿದೆ. ನಮ್ಮ ಮಕ್ಕಳು ದೇಶವಿದೇಶಗಳ ಪ್ರಯೋಗಾಲಯಗಳಲ್ಲಿ ನೀರು, ಮಣ್ಣು, ಹವೆಗಳನ್ನು ಕುರಿತು ಸಂಶೋಧನೆ ನಡೆಸುತ್ತಿದ್ದಾರೆ. ಅವರು ಊರಿಗೆ ಬಂದಾಗ ಹಾರ ಹಾಕಿ ಸನ್ಮಾನಿಸುತ್ತೇವೆ, ಅದು ತಪ್ಪಲ್ಲ. ಜೊತೆಗೆ, ಅವರು ಕಂಡುಕೊಂಡುದನ್ನು ಕನ್ನಡದಲ್ಲಿ ಹೇಳುವಂತೆ ಒಂದು ಸಂಜೆ ಕೇಳೋಣ. ಕೇಳಲು ಬರುವ ರೈತನಿಗೂ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಇರಲಿ.